ಕೆಂಪು ಬಟ್ಟೆಯವನು

ಅಡಿಗೆರೆಗಳನ್ನು ಪೆನ್ಸಿಲಿನಿಂದ ಎಳೆದಿದ್ದಳು, ಅದೂ ಅಳತೆಪಟ್ಟಿ ಇಟ್ಟು. ಹನ್ನೆರಡನೆಯ ಪುಟದಲ್ಲಿ ಮೂರು. ಹದಿನೈದರಲ್ಲಿ ಇಡೀ ಪ್ಯಾರಾ. ಪ್ರವೀಣಕುಮಾರ ಪುಸ್ತಿಕೆಯನ್ನು ಮತ್ತೆ ಅವಳ ದಿಂಬಿನ ಕೆಳಗೆ ಇದ್ದ ಹಾಗೇ ಇಟ್ಟ. ಅಡಿಗೆಮನೆಯಲ್ಲಿ ಮಹಾನಂದಾ ಬುತ್ತಿ ಕಟ್ಟುತ್ತಿದ್ದಳು.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಹೆಂಡತಿ ಅವನ ಬರಹದ ಕೆಳಗೆ ಒಂದು ಗೆರೆ ಎಳೆದವಳಲ್ಲ. ಧೂಳು ಮಾತ್ರ ಒರೆಸುತ್ತಿದ್ದಳು.

ಪುಸ್ತಿಕೆ ಬರೆದವನು ಗೆಳೆಯ ಚೇತನಕುಮಾರ. ಇಬ್ಬರೂ ಒಂದೇ ಕೋಣೆಯಲ್ಲಿದ್ದು ಓದಿದವರು. ಚೇತನ ಇಳಕಲ್ಲಿನ ಚರ್ಚಿನಲ್ಲಿ ಸಭಾಪಾಲಕನಾದ. ಪ್ರವೀಣ ಬಾಗಲಕೋಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಹನ್ನೊಂದು ವರ್ಷ ನಿಘಂಟು ಹಿಡಿದುಕೊಂಡು ತನ್ನಷ್ಟಕ್ಕೆ ಬೈಬಲಿನ ಮೂಲಭಾಷೆ ಹೀಬ್ರೂ ಕಲಿತ. ಕಲಿತದ್ದು ಒಂದೇ ಪ್ರಶ್ನೆಗಾಗಿ. ಪ್ರವಾದಿ ಯೆಶಾಯನ ದರ್ಶನದಲ್ಲಿ ಎದೋಮ್ ಎಂಬ ನಾಡಿನ ಕಡೆಯಿಂದ ಒಬ್ಬ ನಡೆದು ಬರುತ್ತಾನೆ. ಮೈಮೇಲಿನ ಬಟ್ಟೆಯೆಲ್ಲ ಕೆಂಪು. ಯಾರು ನೀನು, ಯಾಕೆ ಹೀಗೆ ಎಂದು ಕೇಳಿದರೆ, ರಸ ತೆಗೆಯುವ ದ್ರಾಕ್ಷಿಯ ತೊಟ್ಟಿಯನ್ನು ಒಬ್ಬನೇ ತುಳಿದು ಬಂದೆ, ಜೊತೆಗೆ ಯಾರೂ ಇರಲಿಲ್ಲ ಎನ್ನುತ್ತಾನೆ. ಹೆಸರು ಹೇಳುವುದಿಲ್ಲ. ಯಾರವನು?

ದೇವರೇ ಎಂದವರಿದ್ದಾರೆ, ಬರಲಿರುವ ಅರಸ ಎಂದವರಿದ್ದಾರೆ, ಸೇಡು ತೀರಿಸಿಕೊಂಡು ಬಂದ ಯಾವನೋ ದಂಡನಾಯಕ ಎಂದವರೂ ಇದ್ದಾರೆ. ಪ್ರವೀಣ ಇಂಥ ಏಳು ಅಭಿಪ್ರಾಯಗಳನ್ನು ಖಂಡಿಸಿ ಮುಗಿಸಿದ್ದ. ಎಂಟನೆಯದು, ತನ್ನದು, ಇನ್ನೂ ಹುಟ್ಟಿರಲಿಲ್ಲ. ಅಷ್ಟರಲ್ಲಿ ಹೀಬ್ರೂವಿನ ಒಂದಕ್ಷರ ಬಾರದ ಚೇತನ ಅದೇ ಮನುಷ್ಯನ ಮೇಲೆ ನಲವತ್ತು ಪುಟ ಬರೆದು ಅಚ್ಚು ಹಾಕಿಸಿದ್ದ. ಇವತ್ತು ಇಳಕಲ್ಲಿನಲ್ಲಿ ಅದರ ಬಗ್ಗೆ ಅವನ ಭಾಷಣ. ಹೋಗೋಣ ಅಂದವಳು ಮಹಾನಂದಾ. ಬೇಡವೆನ್ನಲು ಅವನಿಗೆ ಕಾರಣಗಳಿದ್ದವು. ಬಾಯಿಬಿಟ್ಟು ಹೇಳುವಂಥದು ಒಂದೂ ಇರಲಿಲ್ಲ.

ಬಸ್ಸು ಹುನಗುಂದ ದಾಟಿದ ಮೇಲೆ ಕೇಳಿದ.

"ಚೇತನನ ಪುಸ್ತಕ ಓದಿದೇನು?"

"ನೋಡೀನಿ."

"ಹೆಂಗೈತಿ?"

"ನಿಮ್ಮಷ್ಟು ನನಗೇನ ತಿಳಿತೈತ್ರಿ."

ಭಾಷಣದಲ್ಲಿ ಚೇತನ ಚೀಟಿಯಿಲ್ಲದೆ ಮಾತಾಡಿದ. ಆ ಕೆಂಪು ಬಟ್ಟೆಯವನು ಯಾರೆಂಬುದು ದೊಡ್ಡದಲ್ಲ, ಅವನ ಜೊತೆ ಯಾರೂ ಯಾಕೆ ಹೋಗಲಿಲ್ಲ ಎಂದು ಕೇಳಿಕೊಳ್ಳೋಣ ಎಂದ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಪ್ರವೀಣ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದ. ಐದನೆಯದನ್ನು ಬರೆದು ತಲೆ ಎತ್ತಿದಾಗ ಮಹಾನಂದಾ ಚೇತನನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಪ್ರವೀಣ ಸಂಶಯದಿಂದ ಹುಡುಕಿದ್ದೇನೂ ಇರಲಿಲ್ಲ. ಅವಳು ಕೇಳುತ್ತಿದ್ದಳು, ಅಷ್ಟೇ. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

ಊಟವಾದ ಮೇಲೆ ಚೇತನ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ. ದಾರಿಯಲ್ಲಿ ಇಬ್ರಾಹಿಂಸಾಬನ ಬಣ್ಣದ ಶೆಡ್ಡು. ಮುದುಕ ಸೀರೆಯ ಸೆರಗಿಗೆ ಬೇಕಾದ ರೇಷ್ಮೆ ನೂಲನ್ನು ಬಿಸಿ ಬಣ್ಣದಲ್ಲಿ ಅದ್ದಿ ಹಿಂಡುತ್ತಿದ್ದ. ಹೆಂಡತಿ ದಸ್ತಗೀರಬಿ ಕಣ್ಣು ತೋರಿಸಲು ದವಾಖಾನೆಗೆ ಹೋಗಿದ್ದಳಂತೆ, ಅವನೊಬ್ಬನೇ ಇದ್ದ. ಬನಿಯನ್ನು, ಲುಂಗಿ, ಎಲ್ಲ ಕೆಂಪು. ಚೇತನ ಅಲ್ಲೇ ನಿಂತು, ನಗುತ್ತ, ಪ್ರವಾದಿ ಕಂಡ ಮನುಷ್ಯನ ಸಂಗತಿಯನ್ನು ಅವನಿಗೆ ಹೇಳಿದ.

ಇಬ್ರಾಹಿಂಸಾಬ ಕೈ ನಿಲ್ಲಿಸಲಿಲ್ಲ. "ಇದನ್ನ ಇಬ್ಬರು ಹಿಂಡಬೇಕ್ರಿ. ಆ ಕಡಿ ಹಿಡಿಯಾಕ ಯಾರೂ ಇಲ್ಲಂದ್ರ ಹೊಟ್ಟಿಗಿ ಆನಿಸ್ಕೊಂಡು ಹಿಂಡತೀವಿ. ಆಗ ಮೈಮ್ಯಾಲಿನ ಅರಿವಿ ಎಲ್ಲಾ ಹಿಂಗ ಆಗತೈತಿ. ಅಂವ ಯಾರರ ಇರ್ಲಿ, ಪಾಪ, ಮನ್ಯಾಗಿನವರು ಬಂದಿರಲಿಕ್ಕಿಲ್ಲ."

ಎಂಟನೆಯ ಅಭಿಪ್ರಾಯ. ಪ್ರವೀಣ ಹನ್ನೊಂದು ವರ್ಷ ಕಾದದ್ದು ಒದ್ದೆ ಲುಂಗಿಯ ಮುದುಕನ ಬಾಯಲ್ಲಿ ಹುಟ್ಟಿಬಿಟ್ಟಿತ್ತು.

"ಮೂಲದಾಗ ಹಿಂಡೂ ಮಾತ ಇಲ್ಲ," ಎಂದ. "ತುಳಿಯೂದೈತಿ. ಆ ಕ್ರಿಯಾಪದನ ಬ್ಯಾರೆ."

"ಇರಬೌದ್ರಿ. ನೀವು ಓದಿದವರು."

ಮುದುಕನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಚೇತನ ಗೆಳೆಯನ ಹೆಗಲ ಮೇಲೆ ಕೈಯಿಟ್ಟು, "ಖರೆ ಕಾಕಾ. ಈ ಕೆಂಪ ಅರಿವಿಯವನ ಸಂಗತಿ ನನಗ ಮೊದಲ ಹೇಳಿಕೊಟ್ಟಾಂವ ಇಂವನ," ಎಂದ. ಬೈದಿದ್ದರೆ ಪ್ರವೀಣನಿಗೆ ಹಗುರಾಗುತ್ತಿತ್ತು.

ಇಬ್ರಾಹಿಂಸಾಬ ಇನ್ನೊಂದು ಕಟ್ಟು ನೂಲನ್ನು ಮೇಲೆತ್ತಿ, ಹತ್ತಿರ ನಿಂತವನ ಕಡೆಗೇ ಅದರ ತುದಿ ಚಾಚಿದ. ತುಸು ಹಿಡೀತೀರೇನ್ರಿ ಸರ ಅಂದ. ಪ್ರವೀಣ ಗಡಿಯಾರ ನೋಡಿಕೊಂಡು ಬಸ್ಸಿನ ಹೊತ್ತಾಯಿತೆಂದ.

ಮಹಾನಂದಾ ಸೆರಗು ಸಿಕ್ಕಿಸಿಕೊಂಡು ತುದಿ ಹಿಡಿದಳು. ಅವಳು ಈ ಕಡೆ ತಿರುವಿದಳು, ಮುದುಕ ಆ ಕಡೆ. ಕೆಂಪು ನೀರು ಇಬ್ಬರ ನಡುವೆ ನೆಟ್ಟಗೆ ನೆಲಕ್ಕೆ ಬಿತ್ತು. ಕೈ ಪಳಗೈತಲ್ಲವ್ವಾ ಎಂದು ಮುದುಕ ಕೇಳಿದ್ದಕ್ಕೆ, ತವರೂರು ಗುಳೇದಗುಡ್ಡದಲ್ಲಿ ಸಣ್ಣಾಕಿದ್ದಾಗ ಅಪ್ಪನ ಜೋಡಿ ದಿನಾ ಹಿಂಡುತ್ತಿದ್ದೆ ಎಂದು ನಕ್ಕಳು. ಪ್ರವೀಣನಿಗೆ ಅದು ಗೊತ್ತಿರಲಿಲ್ಲ.

"ಪುಸ್ತಕ ಬರಿಯೂಕಿಂತ ಮೊದಲ ನಿಮ್ಮನ್ನ ಕೇಳಬೇಕಿತ್ತು, ವೈನಿ," ಎಂದ ಚೇತನ.

ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತಳು, ಹುನಗುಂದಕ್ಕೆ ಮೊದಲೇ ನಿದ್ದೆಹೋದಳು. ಬಲಗೈ ಅಂಗಾತ, ಸೀಟಿನ ಮೇಲೆ, ಪ್ರವೀಣನ ಪಕ್ಕದಲ್ಲಿ ಬಿದ್ದಿತ್ತು. ಬೆರಳಿನಿಂದ ಮಣಿಕಟ್ಟಿನವರೆಗೆ ಕೆಂಪು. ಬಣ್ಣ ಆರಿದೆಯೋ ಇಲ್ಲವೋ ತಿಳಿಯಲಿಲ್ಲ. ಮುಟ್ಟಿದ್ದರೆ ತಿಳಿಯುತ್ತಿತ್ತು.

ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಆ ಕೈ ಅವನ ಕಡೆಗೆ ತುಸು ಜಾರುತ್ತಿತ್ತು. ಅವನು ಅಷ್ಟೇ ಸರಿಯುತ್ತಿದ್ದ. ಅಮೀನಗಡ ಬರುವ ಹೊತ್ತಿಗೆ ಅವನು ಸೀಟಿನ ಅಂಚಿನಲ್ಲಿ, ಒಂದು ಕಾಲು ನಡುದಾರಿಯಲ್ಲಿಟ್ಟು, ಕಂಬಿ ಹಿಡಿದು ಕೂತಿದ್ದ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.