ನಾಲ್ಕನೇ ಕೊಳವೆಯ ನೀರು

ಶಾಲೆಯ ಬ್ಯಾಂಡಿಗೆ ಇದ್ದದ್ದು ಒಂದೇ ಒಂದು ಟ್ಯೂಬಾ, ಮಂದ್ರದ ದೊಡ್ಡ ಹಿತ್ತಾಳೆ ಕೊಂಬು. ಮೈದಾನದಲ್ಲಿ ಹೆಗಲಿಗೆ ಸುತ್ತಿಕೊಂಡು ಊದುವಂಥವು ಮೂರು ನಾಲ್ಕು ಇದ್ದವು, ಇಲ್ಲವೆಂದಲ್ಲ. ಆದರೆ ಅವನ್ನು ಹೊತ್ತುಕೊಂಡು ವಿಶ್ವವಿದ್ಯಾಲಯದ ಆಯ್ಕೆಗೆ ಹೋದರೆ ಬಾಗಿಲಲ್ಲೇ ನಗುತ್ತಾರೆ. ಮಡಿಲಲ್ಲಿಟ್ಟು ಊದುವ, ನಾಲ್ಕು ವಾಲ್ವಿನ, ಮಂದ್ರದ ತಳ ಮುಟ್ಟುವ ನಿಜವಾದ ಟ್ಯೂಬಾ ಅದೊಂದೇ. ಊದುವವರು ಮಾತ್ರ ಇಬ್ಬರು: ಕೆಂಡ್ರಾ ಸ್ಟಾಲ್‌ನೇಕರ್, ವೆಸ್ ಕಟ್‌ಲಿಪ್. ಇಬ್ಬರದೂ ಹೈಸ್ಕೂಲಿನ ಕೊನೆಯ ವರ್ಷ. ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಆ ಸಲ ಟ್ಯೂಬಾಗೆ ಖಾಲಿ ಇದ್ದದ್ದೂ ಒಂದೇ ಜಾಗ. ಬ್ಯಾಂಡ್ ಕಲಿಸುವ ಬಾಗ್ಸ್ ಮೇಷ್ಟ್ರ ಗ್ರಹಚಾರ ನೋಡಿ, ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಬೇಕಾಯಿತು.

ಫೆಬ್ರವರಿಯ ಚಳಿ. ವೆಸ್ಟ್ ವರ್ಜೀನಿಯಾದ ಗಣಿ ಬೆಟ್ಟಗಳ ತಿರುವುಗಳಲ್ಲಿ ಉಪ್ಪು ಚೆಲ್ಲಿದ ರಸ್ತೆ ಬೆಳ್ಳಗಿತ್ತು. ನಡುವಿನ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಟ್ಯೂಬಾ ಬೀಗರ ಹಾಗೆ ಕೂತಿತ್ತು. ಅದರ ಆಚೆಗೊಬ್ಬರು, ಈಚೆಗೊಬ್ಬರು.

"ಜಾಗ ನಿನಗೆ ಸಿಕ್ಕಿದ್ರೆ ನಿನ್ನ ಮೊದಲ ಕಚೇರಿಗೆ ನನ್ನ ಕರೀತೀಯಾ?" ಎಂದ ವೆಸ್, ಮಾಂಸ ತುಂಬಿದ ಬನ್ನು, ಪೆಪೆರೋನಿ ರೋಲ್ ಅಗಿಯುತ್ತಾ.

"ನಿನ್ನ ನಾನ್ಯಾಕೋ ಕರೀಲಿ? ಬಾಯಲ್ಲಿರೋದು ನುಂಗಿ ಮಾತಾಡು."

"ಇಬ್ರೂ ಬಾಯಿ ಮುಚ್ಕೊಂಡು ಊದೋಕೆ ತುಟಿ ಉಳಿಸ್ಕೊಳ್ಳಿ," ಎಂದರು ಬಾಗ್ಸ್.

ತಮಾಷೆ ಮೇಲುಮೇಲಿನದು. ಕೆಂಡ್ರಾಳ ಅಮ್ಮ ವೃದ್ಧರ ಆರೈಕೆ ಕೇಂದ್ರದಲ್ಲಿ ಹಾಸಿಗೆ ಬದಲಿಸುವವಳು. ಶಾಲೆ ಮುಗಿದ ಮಾರನೇ ದಿನದಿಂದಲೇ ಮಗಳಿಗೂ ಅಲ್ಲಿ ಕೆಲಸ ಹೇಳಿಟ್ಟಿದ್ದಳು. ವೆಸ್‌ಗೆ ಗಣಿ ಇತ್ತು. ಅವನ ಅಪ್ಪ, ಚಿಕ್ಕಪ್ಪ ಎಲ್ಲ ಇಳಿದದ್ದು ಅಲ್ಲಿಗೇ. ಬಾಗ್ಸ್ ಮೇಷ್ಟ್ರ ಹಾಗೆ ಬ್ಯಾಂಡ್ ಕಲಿಸುವವಳಾಗಬೇಕು ಎಂಬುದು ಕೆಂಡ್ರಾಳಿಗೆ ಹತ್ತನೇ ವಯಸ್ಸಿನಿಂದ ಹಿಡಿದ ಹಟ. ಬೇರೆ ವಿಶ್ವವಿದ್ಯಾಲಯಗಳು ದೂರ, ಅವುಗಳ ಮಾತು ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಈ ಜಾಗ ಸಿಗಬೇಕು, ಇಲ್ಲದಿದ್ದರೆ ಹಾಸಿಗೆ ಬಟ್ಟೆ.

ಬಾಗ್ಸ್ ಮೇಷ್ಟ್ರ ಬ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ವಾದ್ಯದೊಳಗೆ ಊದಿದ ಉಸಿರು ತಣ್ಣಗಾಗಿ ನೀರಾಗುತ್ತದೆ. ಹೊರಗಿನವರು ಅದನ್ನು ಎಂಜಲು ಎಂದು ಮೂಗು ಮುರಿಯುತ್ತಾರೆ. ಮುರಿಯಲಿ, ಅವರಿಗೇನು ಗೊತ್ತು. ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ಆ ನೀರನ್ನು ಪೂರ್ತಿ ಚೆಲ್ಲಿ ಕೊಡಬೇಕು. "ನಿನ್ನ ಉಸಿರು ನೀನು ಚೆಲ್ಲು. ಇನ್ನೊಬ್ಬರ ಉಸಿರಿನ ಮೇಲೆ ಯಾರೂ ಊದಬಾರದು" ಎಂದು ಅವರು ಮೊದಲ ದಿನವೇ ಹೇಳುತ್ತಿದ್ದರು. ಇಷ್ಟು ಕಲಿಯದವನಿಗೆ ಅವರ ಬ್ಯಾಂಡಿನಲ್ಲಿ ತಾಳ ಕುಟ್ಟುವ ಕೆಲಸವೂ ಸಿಗುತ್ತಿರಲಿಲ್ಲ.

ಈ ಟ್ಯೂಬಾದ ನಾಲ್ಕನೇ ವಾಲ್ವಿನ ಕೊಳವೆ ಯಾವ ಕಾಲದಲ್ಲೋ ಬಸ್ಸಿನಿಂದ ಬಿದ್ದು ನೆಗ್ಗಿತ್ತು. ಉಳಿದ ಕೊಳವೆಗಳ ನೀರು ಒಂದು ಸಲ ಊದಿದರೆ ಬಂದುಬಿಡುತ್ತದೆ. ಈ ನಾಲ್ಕನೆಯದು ಹಾಗಲ್ಲ. ಬಟ್ಟೆ ಹಿಡಿದು ಕೊಳವೆಯನ್ನು ಎಳೆದು ತೆಗೆದು, ಇಡೀ ವಾದ್ಯವನ್ನು ಸ್ಟೀರಿಂಗಿನಂತೆ ಒಂದು ಸುತ್ತು ತಿರುಗಿಸಬೇಕು. ಆ ಕೊಳವೆ ಬೇಕಾಗುವುದು ತೀರಾ ಕೆಳಗಿನ ಸ್ವರಗಳಿಗೆ ಮಾತ್ರ. ನೀರು ಉಳಿದಿದ್ದರೆ ಅಲ್ಲಿಯವರೆಗೆ ಗೊತ್ತೇ ಆಗುವುದಿಲ್ಲ.

ವಿಶ್ವವಿದ್ಯಾಲಯ ತಲುಪಿದ ಮೇಲೆ, ಯಾರು ಮೊದಲು ಎಂದು ಬಾಗ್ಸ್ ನಾಣ್ಯ ಚಿಮ್ಮಿದರು. ಕೆಂಡ್ರಾ ಮೊದಲು.

ಒಳಗೆ ಟ್ರೆಂಟ್ ಮೇಡಂ ಒಬ್ಬರೇ ಕೂತಿದ್ದರು. ಟ್ರಾಂಬೋನು, ಯೂಫೋನಿಯಮ್ಮು, ಟ್ಯೂಬಾ, ಹೀಗೆ ದಪ್ಪ ದನಿಯ ಹಿತ್ತಾಳೆ ವಾದ್ಯಗಳನ್ನೆಲ್ಲ ಅಲ್ಲಿ ಕಲಿಸುವವರು ಅವರೇ. ನಗು ಇಲ್ಲ, ಸಿಡುಕೂ ಇಲ್ಲ. ಕೆಂಡ್ರಾ ಸಿದ್ಧಮಾಡಿಕೊಂಡು ಬಂದದ್ದನ್ನು ಚೆನ್ನಾಗಿಯೇ ಊದಿದಳು. ಸ್ವರಶ್ರೇಣಿಗಳೂ ಸಲೀಸಾಗಿ ಹೋದವು. ಆಮೇಲೆ ಮೇಡಂ ಅವಳು ಎಂದೂ ಕಾಣದ ಒಂದು ಸ್ವರಲಿಪಿಯ ಹಾಳೆಯನ್ನು ಮುಂದಿಟ್ಟು, ನೋಡಿದ ಹಾಗೇ ಊದು ಎಂದರು. ಐದನೇ ಸಾಲಿನಲ್ಲಿ ಕೆಂಡ್ರಾ ತಾಳ ಬಿಟ್ಟಳು. ಮತ್ತೆ ಹಿಡಿಯುವಷ್ಟರಲ್ಲಿ ಪುಟವೇ ಮುಗಿದಿತ್ತು.

"ಥ್ಯಾಂಕ್ಸ್. ಮುಂದಿನವರನ್ನ ಕಳಿಸಮ್ಮ."

ಹೊರಗೆ ಹಜಾರದಲ್ಲಿ ವೆಸ್ ಅಪ್ಪನ ಟೈ ಕಟ್ಟಿಕೊಂಡು, ಅಂಗೈಯನ್ನು ತೊಡೆಗೆ ಉಜ್ಜುತ್ತಾ ಕೂತಿದ್ದ. ಬಾಗ್ಸ್ ಕಾಫಿಗೆ ಹೋಗಿದ್ದರು. ಕೆಂಡ್ರಾ ಮೂಲೆಗೆ ಹೋಗಿ ಮೊದಲ ಮೂರು ಕೊಳವೆಗಳ ನೀರನ್ನು ಕಸದ ಬುಟ್ಟಿಗೆ ಚೆಲ್ಲಿದಳು. ನಾಲ್ಕನೆಯದರ ಮೇಲೆ ಬಟ್ಟೆ ಇಟ್ಟಳು. ಕಾಣದ ಹಾಳೆ ಓದುವುದು ವೆಸ್‌ಗೆ ನೀರು ಕುಡಿದಂತೆ. ಅವನು ತಾಳ ಬಿಡುವವನಲ್ಲ. ಈ ಲೆಕ್ಕ ಅವಳ ತಲೆಯಲ್ಲಿ ಹಾದುಹೋಗಲು ಎಷ್ಟು ಹೊತ್ತು ಬೇಕು? ಬಟ್ಟೆ ಮಡಿಸಿ ಜೇಬಿಗೆ ಹಾಕಿಕೊಂಡಳು.

"ಚೆಲ್ಲಿದ್ಯಾ?" ಎಂದ ವೆಸ್, ಟ್ಯೂಬಾಗೆ ಕೈ ಚಾಚಿ.

"ಹ್ಞೂಂ."

ನಾಲ್ಕನೆಯದನ್ನೂ ಚೆಲ್ಲಿದೆಯಾ ಎಂದು ಬಿಡಿಸಿ ಕೇಳಿದ್ದರೆ ಏನು ಹೇಳುತ್ತಿದ್ದಳೋ, ಅವಳಿಗೇ ಗೊತ್ತಿಲ್ಲ. ಅವನು ಕೇಳಲಿಲ್ಲ. ನಾಲ್ಕು ವರ್ಷ ಒಂದೇ ವಾದ್ಯ ಊದಿದವರು ಅಷ್ಟೆಲ್ಲ ಕೇಳುವುದಿಲ್ಲ.

ಬಾಗಿಲ ಹೊರಗೆ ನಿಂತು ಅವಳು ಕೇಳಿಸಿಕೊಂಡಳು. ಮೊದಲರ್ಧ ಚೆನ್ನಾಗಿತ್ತು. ಅವಳಿಗಿಂತ ಚೆನ್ನಾಗಿತ್ತು, ಹೇಳಬೇಕಾದ್ದು ಹೇಳಲೇಬೇಕು. ಆಮೇಲೆ ರಾಗ ಮೆಟ್ಟಿಲಿಳಿಯುತ್ತಾ ಮಂದ್ರಕ್ಕೆ ಬಂತು, ಕೊಳವೆಯೊಳಗೆ ನೀರು ಗೊಳಗೊಳ ಎಂದಿತು. ವೆಸ್ ನಿಲ್ಲಿಸಿದ. ಕ್ಷಮೆ ಕೇಳಿ ಮತ್ತೆ ಶುರುಮಾಡಿದ. ಮತ್ತೆ ಅದೇ ಜಾಗದಲ್ಲಿ ಗೊಳಗೊಳ.

"ಏನಾಯ್ತಪ್ಪ?" ಎಂದದ್ದು ಮೇಡಂ ದನಿ.

"ನನ್ನ ತುಟಿ ಮೇಡಂ. ಭಯಕ್ಕೆ ನಡುಗ್ತಿದೆ. ಟ್ಯೂಬಾ ಸರಿಯಾಗೇ ಇದೆ, ಈಗ ತಾನೆ ನನ್ನ ಫ್ರೆಂಡು ಚೆಲ್ಲಿ ಕೊಟ್ಲು."

ಅಯ್ಯೋ ದಡ್ಡ! ಒಂದು ಸಲ ಆ ಕೊಳವೆಯನ್ನು ಎಳೆದು ನೋಡಬಾರದಿತ್ತೇ? ಕೆಂಡ್ರಾಳಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಗಿಲು ತಳ್ಳಿ ಒಳಗೆ ಹೋದಳು.

"ಅವನ ತುಟಿ ಅಲ್ಲ ಮೇಡಂ. ನಾಲ್ಕನೇದರಲ್ಲಿ ನೀರಿದೆ. ನಂದು."

ಟ್ರೆಂಟ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಚೆಲ್ಲೋದು ಮರೆತ್ಯಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮರೆವಿಗೆ ಯಾರೂ ಗಲ್ಲಿಗೆ ಹಾಕುವುದಿಲ್ಲ, ಮೇಡಂ ತಾವಾಗಿಯೇ ದಾರಿ ತೋರಿಸಿದ್ದರು. ವೆಸ್ ಕೂಡ ತಲೆಯಾಡಿಸಲು ಸಿದ್ಧನಾಗಿದ್ದ.

"ಇಲ್ಲ. ಮರೀಲಿಲ್ಲ."

ವೆಸ್ ಅವಳನ್ನು ನೋಡಿದ, ಆಮೇಲೆ ಟ್ಯೂಬಾವನ್ನು ನೋಡಿದ. ಮೇಡಂ ಪೆನ್ಸಿಲ್ ಕೆಳಗಿಟ್ಟರು.

"ಸರಿ. ಬಾಗಿಲು ಹಾಕ್ಕೊಂಡು ಹೋಗು." ಅವನ ಕಡೆ ತಿರುಗಿ, "ಚೆಲ್ಲಪ್ಪ. ಮೊದಲಿಂದ ಊದು," ಎಂದರು.

ಅವನು ಮೊದಲಿನಿಂದ ಊದಿದ. ಅದನ್ನು ಕೇಳಲು ಅವಳು ನಿಲ್ಲಲಿಲ್ಲ.

ವಾಪಸು ಬರುವಾಗಲೂ ಆ ಹಿತ್ತಾಳೆಯ ಬೀಗರು ನಡುವೆ ಕೂತೇ ಇದ್ದರು. ಹೇಗಾಯಿತು ಎಂದು ಬಾಗ್ಸ್ ಕೇಳಿದರು. "ಆಯ್ತು ಸರ್" ಎಂದ ವೆಸ್. ಕೆಂಡ್ರಾ ಕಿಟಕಿ ನೋಡುತ್ತಲೇ, "ನಾಲ್ಕನೇದರ ನೀರು ಬೇಕಂತಲೇ ಬಿಟ್ಟು ಕೊಟ್ಟೆ ಸರ್. ಆಮೇಲೆ ಹೋಗಿ ಹೇಳ್ದೆ," ಎಂದಳು. ಬಾಗ್ಸ್ ವ್ಯಾನನ್ನು ಎರಡು ಬೆಟ್ಟ ದಾಟಿಸಿದರು. ಆಮೇಲೆ ಉಳಿದಿದ್ದ ರೋಲ್ ಅನ್ನು ಹಿಂದಕ್ಕೆ ಚಾಚಿ, "ತಿನ್ನು," ಎಂದರು, ಅಷ್ಟೆ. ಅವಳಿಗೆ ಪಶ್ಚಾತ್ತಾಪವಾಯಿತು ಎಂದರೆ ಕೇಳುವವರಿಗೆ ಹಿತವಾದೀತು. ನಿಜವಾಗಿ ಆದದ್ದು ಹೊಟ್ಟೆಯುರಿ. ಬಾಗಿಲು ಯಾಕಾದರೂ ತಳ್ಳಿದೆನೋ ಎಂದು ಊರು ತಲುಪುವವರೆಗೂ ತನ್ನನ್ನೇ ಬೈದುಕೊಂಡಳು.

ಜಾಗ ವೆಸ್‌ಗೆ ಸಿಕ್ಕಿತು. ಅವಳಿಗೆ ಬಂದದ್ದು, ಬೇಕಾದರೆ ಮುಂದಿನ ವರ್ಷ ಮತ್ತೆ ಬರಬಹುದು ಎಂಬ ಎರಡು ಸಾಲು. ಬೇಸಿಗೆಯಿಡೀ ಅಮ್ಮನ ಜೊತೆ ಹಾಸಿಗೆ ಬದಲಿಸಿದಳು, ವೆಸ್ ಎದುರಾದರೆ ರಸ್ತೆ ಬದಲಿಸಿದಳು. ಟ್ಯೂಬಾ ಆ ಬೇಸಿಗೆ ಅವನ ಮನೆಯಲ್ಲಿತ್ತು. ಅವನಿಗೆ ವಿಶ್ವವಿದ್ಯಾಲಯದವರು ಬೇರೆ ಕೊಡುತ್ತಾರೆ. ಇದನ್ನು ಇನ್ನೊಂದು ವರ್ಷ ಕೆಂಡ್ರಾ ಇಟ್ಟುಕೊಳ್ಳಲಿ ಎಂದು ಬಾಗ್ಸ್ ಹೇಳಿದ್ದರು.

ಆಗಸ್ಟಿನಲ್ಲಿ, ಊರು ಬಿಡುವ ದಿನ, ವೆಸ್ ಅಪ್ಪನ ಪಿಕಪ್ಪಿನಲ್ಲಿ ಅದನ್ನು ತಂದ. ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು, ಎದ್ದು ಒಳಗೆ ಹೋಗಲು ಹೊತ್ತು ಸಿಗಲಿಲ್ಲ.

"ತಗೊಳ್ಳೇ," ಎಂದು ಮಡಿಲಿಗೆ ಇಟ್ಟ.

ಹಿತ್ತಾಳೆ ಇನ್ನೂ ಬೆಚ್ಚಗಿತ್ತು. "ಊದಿದ್ಯಾ?"

"ಈಗ ತಾನೆ. ಹೊರಡೋ ಮುಂಚೆ ಕೊನೇ ಸಲ ಅಂತ."

ಚೆಲ್ಲಿದೆಯಾ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಲಂಗದ ತುದಿ ಹಿಡಿದು ನಾಲ್ಕನೇ ಕೊಳವೆಯನ್ನು ಎಳೆದಳು. ಟ್ಯೂಬಾವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಮೆಟ್ಟಿಲ ಕಲ್ಲು ಒಣಗಿಯೇ ಇತ್ತು. ವೆಸ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಕೆಂಡ್ರಾ ಇನ್ನೊಂದು ಸುತ್ತು ತಿರುಗಿಸಿದಳು. ಒಂದು ಹನಿಯಾದರೂ ಬಿದ್ದಿದ್ದರೆ, ಲೆಕ್ಕ ಸರಿಹೋಯಿತೆಂದು ಅವಳಿಗೆ ಹಗುರವಾಗುತ್ತಿತ್ತು. ಬೀಳಲಿಲ್ಲ.