ಹನ್ನೊಂದನೇ ಪ್ರಶ್ನೆಯಿಂದ ಮುಂದೆ

ಕರಿ ಪೆಟ್ಟಿಗೆಯ ಜಾಲರಿ ಮೇಲೆ ನೊಣ ಕೂತಿದೆ, ಎಷ್ಟು ಹೊತ್ತಿಂದ ಕೂತಿದೆಯೋ, ಆರಾಮಾಗಿ ಕಾಲು ಉಜ್ಜಿಕೊಳ್ತಾ, ಅದಕ್ಕೇನು, ಅದಕ್ಕೆ ಪರೀಕ್ಷೆಯೇ ಗಿರೀಕ್ಷೆಯೇ — ಸ್ಪೀಕರ್ ಮಾತಾಡುತ್ತಿದ್ದರೆ ಜಾಲರಿ ಅದುರಬೇಕು, ಅದುರಿದರೆ ನೊಣ ಕೂರಬಾರದು, ಇಷ್ಟು ಸರಳ ವಿಷಯ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದ ಈ ಟೀಚರಮ್ಮನ ತಲೆಗೆ ಹೊಳೆಯಬೇಕಾದಾಗ ಹೊಳೆಯಲಿಲ್ಲ, ಈಗ ಹೊಳೆದು ಏನು ಬಂತು. ಕೈಯಲ್ಲಿ ಮೂವತ್ತೊಂದು ಉತ್ತರದ ಹಾಳೆ, ಕೇಳುವ ಪರೀಕ್ಷೆಯವು, ಪೆಟ್ಟಿಗೆಯ ಇಂಗ್ಲಿಷ್ ಕೇಳಿ ಉತ್ತರ ಬರೆಯೋದು, ಹತ್ತು ನಿಮಿಷದ ಹಿಂದೆ ಬೆಂಚಿಂದ ಬೆಂಚಿಗೆ ಓಡಾಡಿ ತಗೊಂಡದ್ದು, ಮಕ್ಕಳೀಗ ಓದುವ ಪತ್ರಿಕೆಗೆ ತಲೆ ಬಗ್ಗಿಸಿವೆ, ಗಾಜು ಹೇಗೆ ತಯಾರಾಗುತ್ತದೆ ಅಂತ ಒಂದೂವರೆ ಪುಟದ ಇಂಗ್ಲಿಷು, ಅದರ ಕೆಳಗೆ ಪ್ರಶ್ನೆ — ಎಣಿಸಿ ಲಕೋಟೆಗೆ ಹಾಕೋಣ ಅಂತ ಮೇಲಿನ ಹಾಳೆ ನೋಡಿದರೆ ಹತ್ತನೇ ಪ್ರಶ್ನೆವರೆಗೆ ಬರೆದಿದೆ, ಹನ್ನೊಂದರಿಂದ ಇಪ್ಪತ್ತು ಖಾಲಿ. ಹೋಗಲಿ ಬಿಡು, ಇದು ಕೊನೇ ಬೆಂಚಿನ ಸೋಮಾರಿಯದು, ಅವನು ಹತ್ತು ಬರೆದಿದ್ದೇ ಹೆಚ್ಚು. ಎರಡನೇದೂ ಖಾಲಿ. ಮೂರನೇದು ಕ್ಲಾಸಿಗೇ ಮೊದಲು ಬರುವವನದು, ಅದೂ ಹತ್ತಕ್ಕೆ ನಿಂತಿದೆ. ಆಮೇಲೆ ಸರಸರ ಎಲ್ಲ ತಿರುವಿದಳು, ಮೂವತ್ತೊಂದೂ ಒಂದೇ ಕಡೆ ನಿಂತಿವೆ, ಕಾಪಿ ಹೊಡೆದರೂ ಇಷ್ಟು ಒಂದೇ ಥರ ಬರಲ್ಲ. ತಲೆ ಎತ್ತಿ ಪೆಟ್ಟಿಗೆ ನೋಡಿದಳು, ನೊಣ ಕಂಡಿತು, ಹಸಿರು ದೀಪ ಆರಿದ್ದು ಕಂಡಿತು. ಬ್ಯಾಟರಿ ಮುಗಿದಿದೆ. ಅರ್ಧ ಪರೀಕ್ಷೆಗೇ ಮುಗಿದಿದೆ.

ಹಾಗಾದರೆ ಹನ್ನೊಂದು ನಿಮಿಷ ಈ ಕೋಣೆಯಲ್ಲಿ ಏನು ನಡೀತು. ಏನೂ ನಡೀಲಿಲ್ಲ, ಅದೇ ನಡೆದದ್ದು — ಪೆಟ್ಟಿಗೆ ಮೂಕಾಯಿತು, ಮಕ್ಕಳು ಪೆನ್ಸಿಲ್ ಹಿಡಿದು ಕೂತವು, ಟೀಚರು ಮಾತ್ರ ಧ್ವನಿಮುದ್ರಣದ ಪಠ್ಯ ಅಚ್ಚಾದ ಹಾಳೆ ಕೈಯಲ್ಲಿ ಹಿಡಿದು ಸಾಲಿನ ಮೇಲೆ ಬೆರಳಾಡಿಸ್ತಾ, ಗೋಡೆ ಗಡಿಯಾರ ನೋಡಿಕೊಂಡು ಸರಿಯಾದ ಹೊತ್ತಿಗೆ ಪುಟ ತಿರುವುತ್ತಾ, ತಲೆ ಬೇರೆ ಆಡಿಸ್ತಾ ನಿಂತಿದ್ದಳು. ಮ್ಯೂಸಿಯಂ ತೋರಿಸುವ ಗೈಡು ನಗುತ್ತಾನೆ ಅಂತ ಪಠ್ಯದಲ್ಲಿದೆ, ಅಲ್ಲಿಗೆ ಬಂದಾಗ ಇವಳೂ ನಕ್ಕಿದ್ದಳು. ಅದೇ ಭಾಗ ತಾನಾಗೇ ಎರಡನೇ ಸಲ ಬರಬೇಕಾದ ಹೊತ್ತಿಗೆ ಎರಡನೇ ಸಲವೂ ನಕ್ಕಿದ್ದಳು. ಅಯ್ಯೋ ನನ್ನ ಕರ್ಮವೇ, ಮೂವತ್ತೊಂದು ಮಕ್ಕಳ ಮುಂದೆ, ಉಸಿರಿಲ್ಲದ ಪೆಟ್ಟಿಗೆ ಜೊತೆ ನಕ್ಕಿದ್ದೀನಲ್ಲ. ಯಾವಾಗಲೂ ಪೆಟ್ಟಿಗೆ ಮೇಜಿನ ಮೇಲಿರುತ್ತೆ, ಅಂಗೈ ಊರಿದರೆ ಮರದೊಳಗಿಂದ ಗುಂಯ್ ಅನ್ನೋದು ಕೈಗೆ ತಿಳಿಯುತ್ತೆ, ಆ ಗುಂಯ್ ಮತ್ತು ಎಡಗಿವಿಗೆ ಬೀಳುವ ಅಷ್ಟಿಷ್ಟು ಸೇರಿದರೆ ಹೇಗೋ ಸಾಗಿಹೋಗುತ್ತಿತ್ತು. ಇವತ್ತು ಅಟೆಂಡರು ಬಂದು, ಹಿಂದಿನ ಬೆಂಚಿಗೂ ಕೇಳಲಿ ಮೇಡಂ ಅಂತ ಕಿಟಕಿ ಪಕ್ಕ ಸ್ಟೂಲಿನ ಮೇಲಿಟ್ಟು ಹೋದರು. ಬೇಡ ಅನ್ನೋಕೆ ಕಾರಣ ಹೇಳಬೇಕಲ್ಲ. ಮೊದಲ ಭಾಗ ಮಕ್ಕಳ ಪೆನ್ಸಿಲ್ ನೋಡಿಯೇ ಅಂದಾಜು ಮಾಡಿದಳು, ಎರಡನೇ ಭಾಗಕ್ಕೆ ಗಡಿಯಾರ ಸಾಕು ಅಂದುಕೊಂಡಳು, ಸುಸ್ತಾಗಿತ್ತು, ಬೆಳಗಿನಿಂದ ಇದು ಮೂರನೇ ಕ್ಲಾಸು.

ಒಂದೂ ಬಾಯಿ ಬಿಡಲಿಲ್ಲವಲ್ಲ ಈ ಮಕ್ಕಳು — ಬಿಡಬಾರದು ಅಂತ ಕಲಿಸಿದವಳು ಯಾರು, ಇವಳೇ. ಕೇಳುವ ಪರೀಕ್ಷೆ ನಡೀವಾಗ ಯಾರೂ ತುಟಿ ಪಿಟಕ್ ಅನ್ನಬಾರದು, ಕೆಮ್ಮು ಬಂದರೆ ನುಂಗಿ, ಕೈ ಎತ್ತಿದರೆ ಒಂದು ಅಂಕ ಕಟ್, ಕೇಳದಿದ್ದನ್ನ ಊಹೆ ಮಾಡಿ ಬರೆದರೆ ಇನ್ನೊಂದು ಕಟ್. ವರ್ಷವಿಡೀ ಅದೇ ಪಾಠ, ವಾರಕ್ಕೊಂದು ಅಭ್ಯಾಸ. ಎರಡನೇ ಬೆಂಚಿನ ಹುಡುಗಿ ಆಗ ಒಂದು ಸಲ ಪೆಟ್ಟಿಗೆ ನೋಡಿದಳು, ಇವಳನ್ನ ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು, ಇವಳು ಕಣ್ಣಲ್ಲೇ ಗದರಿದ್ದಳು, ಹಾಳೆ ನೋಡು. ಹುಡುಗಿ ಹಾಳೆ ನೋಡಿದಳು. ಪಾಪ, ಖಾಲಿ ಹಾಳೆ.

ಮನೆಯಲ್ಲಿ ಗಂಡ ಹೇಳ್ತಾನೇ ಇದ್ದರು, ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ಹೋಯ್ತು ಕಣೇ, ಕೇಳಿಸ್ತೋ ಇಲ್ವೋ ಅಂತ, ಇವಳು ನೀವು ಬಾಯೊಳಗೇ ಗೊಣಗಿದರೆ ಯಾರಿಗೆ ಕೇಳುತ್ತೆ ಅಂತ ಅವರ ಮೇಲೇ ಹಾಕಿದಳು, ನಾಲ್ಕು ವರ್ಷ ಹಾಕಿದಳು, ಆ ಮನುಷ್ಯ ತನ್ನದೇ ತಪ್ಪೇನೋ ಅಂತ ಗಂಟಲು ಡಾಕ್ಟರ ಹತ್ತಿರ ಹೋಗಿಬಂದರು. ತಂಗಿ ಬಿಡಲಿಲ್ಲ, ನರ್ಸು, ಅವಳ ಕಣ್ಣಿಗೆ ಮಣ್ಣೆರಚೋಕಾಗುತ್ತಾ, ಅಕ್ಕಾ ನೀನು ನನ್ನ ಮುಖ ನೋಡಲ್ಲ ಈಗ, ಬಾಯಿ ನೋಡ್ತೀಯ, ನಡಿ ಕಿವಿ ಡಾಕ್ಟರಿಗೆ ತೋರಿಸೋಣ ಅಂತ ಕೈ ಹಿಡಿದು ಎಳಕೊಂಡು ಹೋದಳು. ಗಾಜಿನ ಗೂಡು, ಕಿವಿಗೆ ದಪ್ಪನೆಯ ಹೆಡ್‌ಫೋನು, ಕೈಗೊಂದು ಗುಂಡಿ, ಶಬ್ದ ಕೇಳಿಸಿದಾಗ ಒತ್ತಿ ಅಂದ ಹುಡುಗ ಆಚೆ ಕೂತು ಯಂತ್ರ ತಿರುಗಿಸ್ತಿದ್ದ. ಅಲ್ಲಿ ಈ ಮಹಾತಾಯಿ ಏನು ಮಾಡಿದಳು, ಕಾಪಿ ಹೊಡೆದಳು, ಅವನ ಭುಜ ಅಲುಗಿದಾಗೆಲ್ಲ ಗುಂಡಿ ಒತ್ತಿದಳು. ಫೇಲಾಗಬಾರದು ಅನ್ನೋದೊಂದೇ ತಲೆಯಲ್ಲಿ. ಡಾಕ್ಟರು ಹಾಳೆ ನೋಡಿ ನಕ್ಕರು, ಅಮ್ಮಾ, ನಾವು ಶಬ್ದವೇ ಕೊಡದೆ ಇದ್ದಾಗ ಹನ್ನೆರಡು ಸಲ ಒತ್ತಿದ್ದೀರಿ. ತಂಗಿಯೂ ನಕ್ಕಳು, ಆಚೆ ಬಂದ ಮೇಲೆ ಅತ್ತಳು. ಬಲಗಿವಿ ಹೆಚ್ಚುಕಡಿಮೆ ಹೋಗಿದೆ, ಎಡಗಿವಿ ಅರ್ಧ ಇದೆ, ಕಿವಿಗೆ ಮೆಷಿನ್ ಹಾಕ್ಕೊಳ್ಳಿ ಎಲ್ಲ ಸರಿಹೋಗುತ್ತೆ ಅಂದಿದ್ದರು ಡಾಕ್ಟರು. ತಂದಳು, ಬೀರುವಿನಲ್ಲಿಟ್ಟಳು, ಇನ್ನೂ ಅಲ್ಲೇ ಇದೆ. ಕಿವಿಗೆ ಸಿಕ್ಕಿಸಿಕೊಂಡು ಸ್ಕೂಲಿಗೆ ಬಂದರೆ ಮೊದಲು ಸ್ಟಾಫ್ ರೂಮಿಗೆ ಗೊತ್ತಾಗುತ್ತೆ, ಆಮೇಲೆ ಹೆಡ್‌ಮಾಸ್ಟರಿಗೆ, ಆಮೇಲೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು.

ಚರಿತ್ರೆ ಮೇಷ್ಟ್ರಿಗೆ ಆದದ್ದನ್ನ ಕಣ್ಣಾರೆ ನೋಡಿದ್ದಳಲ್ಲ. ಕೈ ನಡುಗೋಕೆ ಶುರುವಾಯ್ತು, ಬೋರ್ಡಿನ ಮೇಲೆ ಅಕ್ಷರ ಡೊಂಕಾಯ್ತು, ನಿಮ್ಮ ಆರೋಗ್ಯದ ದೃಷ್ಟಿಯಿಂದ ಸಾರ್ ಅಂತ ಸ್ಟೋರ್ ರೂಮಿಗೆ ಹಾಕಿದರು, ಹಳೇ ನಕ್ಷೆ, ಮುರಿದ ಕುರ್ಚಿ, ಚಾಕ್ ಡಬ್ಬಿಗಳ ನಡುವೆ ಒಂದು ಮೇಜು. ಸಂಬಳ ಅಷ್ಟೇ ಬರುತ್ತೆ, ಗೌರವಕ್ಕೂ ಏನೂ ಕಮ್ಮಿಯಿಲ್ಲ, ಮಕ್ಕಳು ಮಾತ್ರ ಇಲ್ಲ. ಬೆಲ್ ಹೊಡೆದಾಗೆಲ್ಲ ಎದ್ದು ನಿಲ್ಲುತ್ತಾರಂತೆ, ಆಮೇಲೆ ಮತ್ತೆ ಕೂರುತ್ತಾರಂತೆ. ಅವಳಿಗೆ ಅದಾಗಬಾರದು. ಬೇರೇನಾದರೂ ಆಗಲಿ, ಕ್ಲಾಸ್ ರೂಮ್ ಬಿಟ್ಟು ಅವಳಿಗೆ ಏನೂ ಗೊತ್ತಿಲ್ಲ, ಮನೆಯಲ್ಲಿ ಕೂಡ ಅವಳು ಗೋಡೆಗೆ ಬೆನ್ನು ಹಾಕಿ ನಿಂತೇ ಮಾತಾಡೋದು. ಗಡಿಯಾರದಲ್ಲಿ ಇನ್ನು ಮೂವತ್ತೆಂಟು ನಿಮಿಷ. ನಿಯಮದ ಹಾಳೆ ಬಾಯಿಪಾಠ, ಉಪಕರಣ ಕೆಟ್ಟರೆ ಓದುವ ಪತ್ರಿಕೆ ಮುಗಿಯೋದರೊಳಗೆ ತಿಳಿಸಬೇಕು, ತಿಳಿಸಿದರೆ ಮತ್ತೆ ಕೇಳಿಸಬಹುದು, ಲಕೋಟೆಗೆ ಅಂಟು ಬಿದ್ದ ಮೇಲೆ ಇಲ್ಲ. ತಿಳಿಸೋಕೆ ಒಂದು ಫಾರಂ ಇದೆ, ಕೆಟ್ಟದ್ದು ಎಷ್ಟನೇ ನಿಮಿಷದಲ್ಲಿ, ಮೇಲ್ವಿಚಾರಕರು ತಕ್ಷಣ ನಿಲ್ಲಿಸಿದರೇ, ಇಲ್ಲದಿದ್ದರೆ ಕಾರಣ. ಆ ಕಾರಣದ ಜಾಗ ಮಾತ್ರ ದೊಡ್ಡದಾಗಿ ಬಿಟ್ಟಿದ್ದಾರೆ, ನಾಲ್ಕು ಗೆರೆ. ತಲೆ ತಿರುಗಿತ್ತು ಅಂತ ಬರೆಯಲಾ. ಅಟೆಂಡರು ಚಾರ್ಜ್ ಹಾಕಿರಲಿಲ್ಲ ಅಂತ ಅವರ ತಲೆಗೆ ಕಟ್ಟಲಾ — ಕಟ್ಟಿದರೂ ಹನ್ನೊಂದು ನಿಮಿಷ ನೀವೇನು ಮಾಡ್ತಿದ್ರಿ ಮೇಡಂ ಅಂತ ಕೇಳಿಯೇ ಕೇಳ್ತಾರೆ. ಸುಮ್ಮನೆ ಅಂಟು ಹಾಕಿಬಿಡಲಾ. ಹತ್ತು ಅಂಕ ತಾನೇ. ಹತ್ತು ಅಂಕಕ್ಕೆ ಮುಂದಿನ ಓದೇ ತಪ್ಪಿಹೋಗೋ ಮಕ್ಕಳು ಇದರಲ್ಲಿ ಆರೋ ಏಳೋ ಇದ್ದಾರೆ, ಯಾರ್ಯಾರು ಅಂತ ಅವಳಿಗೆ ಹೆಸರು ಸಮೇತ ಗೊತ್ತು, ಅದೇ ದೊಡ್ಡ ಕಾಟ. ಲಕೋಟೆ ತೆಗೆದಳು. ಅಂಟಿನ ಡಬ್ಬಿ ಮುಚ್ಚಳ ಬಿಚ್ಚಿದಳು. ಮತ್ತೆ ಮುಚ್ಚಿದಳು, ಬಿಚ್ಚೋದು ಮುಚ್ಚೋದರಲ್ಲೇ ಇಪ್ಪತ್ತು ನಿಮಿಷ ಹೋಯಿತು.

ಒಂದೇ ಒಂದು ವಿಷಯ ಮಾತ್ರ ಅರ್ಥವಾಗ್ತಿಲ್ಲ, ಆ ಎರಡನೇ ಬೆಂಚಿನವಳು. ಕ್ಲಾಸೆಲ್ಲ ಅವಳನ್ನ ವಕೀಲೆ ಅಂತಲೇ ಕರೆಯೋದು, ಅರ್ಧ ಅಂಕಕ್ಕೆ ಅರ್ಧ ಗಂಟೆ ವಾದ ಮಾಡುವ ಗಿರಾಕಿ, ಅಂಕ ಕಟ್ ಮಾಡ್ತೀನಿ ಅಂದರೆ ಯಾವ ನಿಯಮದ ಪ್ರಕಾರ ಟೀಚರ್ ಅಂತ ಕೇಳ್ತಾಳೆ. ಅಂಥವಳು ಹತ್ತು ಅಂಕ ಕೈಬಿಟ್ಟು, ಕೇಳುವ ಪರೀಕ್ಷೆ ಮುಗಿದ ಮೇಲೂ, ಹಾಳೆ ಕೊಡುವಾಗಲೂ ಸುಮ್ಮನಿದ್ದಾಳೆ ಅಂದರೆ. ಕೊಡುವಾಗ ಹಾಳೆ ಮಗುಚಿ ಕೊಟ್ಟಳು ಅಲ್ಲವೇ, ಹೌದು, ಖಾಲಿ ಭಾಗ ಕಾಣದ ಹಾಗೆ, ಎಲ್ಲರೂ ಮಗುಚಿಯೇ ಕೊಟ್ಟರು. ಕಾಲು ತಾನಾಗೇ ಆ ಕಡೆ ಹೋಯಿತು. ಬಗ್ಗಿ, ತನ್ನ ಧ್ವನಿ ಎಷ್ಟು ಜೋರಿದೆಯೋ ಅನ್ನೋ ಅಂದಾಜೂ ಇಲ್ಲದೆ ಕೇಳಿದಳು, ಪೆಟ್ಟಿಗೆ ನಿಂತಿದ್ದು ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ. ಅಕ್ಕಪಕ್ಕದ ನಾಲ್ಕು ತಲೆ ಎದ್ದವು, ಮತ್ತೆ ಬಗ್ಗಿದವು. ಹುಡುಗಿ ಪೆನ್ಸಿಲ್ ಕೆಳಗಿಟ್ಟಳು, ಕಿಟಕಿಯ ಬೆಳಕು ಮುಖದ ಮೇಲೆ ಬೀಳೋ ಹಾಗೆ ಕುತ್ತಿಗೆ ತಿರುಗಿಸಿದಳು, ಗಂಟಲು ಅಲುಗಲಿಲ್ಲ, ಬಾಯಿ ಮಾತ್ರ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿತು, ಹೇಳಿದ್ರೆ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕ್ತಾರೆ ಟೀಚರ್.

ಕೈಯಲ್ಲಿ ಹಿಡಿದ ಲಕೋಟೆ ಅಲ್ಲೇ ಬೆಂಚಿನ ಮೇಲೆ ಇಟ್ಟಳು. ಹಾಗಾದರೆ ಗೊತ್ತು. ಎಷ್ಟು ದಿನದಿಂದ. ಇವಳಿಗೆ ಮಾತ್ರವಾ, ಎಲ್ಲರಿಗೂನಾ, ಎಲ್ಲರಿಗೂ ಗೊತ್ತು, ಆ ನಾಲ್ಕು ತಲೆ ಹಾಗೆ ಬಗ್ಗಿದ್ದು ಅದಕ್ಕೇ. ಅಡಗಿ ಕೂತಿದ್ದೀನಿ ಅಂದುಕೊಂಡು ನಡುಬೀದಿಯಲ್ಲಿ ಕೂತಿದ್ದೆನಲ್ಲ. ನಾಚಿಕೆ ಮುಖಕ್ಕೇರಿತು, ಕೋಪ ಬಂತು, ಯಾರು ಕೇಳಿದರು ಇವರ ದಯೆ, ಹದಿನೈದು ವರ್ಷದ ಮಕ್ಕಳು, ಸ್ವಂತ ಅಂಕ ತೆಗೆದು ನನ್ನ ಮಡಿಲಿಗೆ ಹಾಕೋಕೆ ಇವರ್ಯಾರು — ಕೋಪ ಬಾಗಿಲವರೆಗೂ ಬರಲಿಲ್ಲ, ಅಷ್ಟರೊಳಗೇ ಮುಗಿದು ಅಳು ಬಂತು, ಅತ್ತರೆ ಮಕ್ಕಳಿಗೆ ಓದೋಕಾಗಲ್ಲ ಅಂತ ನುಂಗಿಕೊಂಡಳು. ಬಾಗಿಲು ತೆರೆದಳು. ಅಟೆಂಡರು ಹೊರಗಿನ ಬೆಂಚಿನಿಂದ ಎದ್ದರು. ಹೆಡ್‌ಮಾಸ್ಟರನ್ನ ಕರೀರಿ, ಈಗಲೇ. ಅವರೇನೋ ಕೇಳೋಕೆ ಅವಳ ಎದುರಿಗೇ ಬಂದು ನಿಂತರು, ಇವರೂ ಹಾಗೇ ನಿಲ್ತಾರಲ್ಲ ಯಾವಾಗಲೂ, ಎದುರಿಗೇ, ಒಳ್ಳೇ ಮನುಷ್ಯ ಮರ್ಯಾದಸ್ಥ ಅಂದುಕೊಂಡಿದ್ದೆ. ಏನೂ ಕೇಳಬೇಡಿ, ಹೋಗಿ ಕರೀರಿ. ಹದಿನೇಳು ನಿಮಿಷ ಇದೆ.

ಹೆಡ್‌ಮಾಸ್ಟರು ಬಂದರು, ಅವರ ಮೀಸೆಯೂ ಬಂತು, ಆ ಮೀಸೆಯೊಂದು ದೊಡ್ಡ ಪೀಡೆ, ಮೇಲ್ತುಟಿ ಪೂರ್ತಿ ಮುಚ್ಚಿ ಕೆಳತುಟಿಯ ಅಂಚಿಗೂ ಬಿದ್ದಿದೆ, ಸ್ಟಾಫ್ ಮೀಟಿಂಗಿನಲ್ಲಿ ಎರಡು ವರ್ಷದಿಂದ ಆ ಮೀಸೆಗೆ ಸುಮ್ಮನೆ ಹೂಂ ಅಂದಿದ್ದೇ ಅಂದಿದ್ದು. ಅವರು ಏನಾಯ್ತು ಅಂತ ಕೇಳಿರಬೇಕು. ಸಾರ್, ಹತ್ತನೇ ಪ್ರಶ್ನೆ ಆದ ಮೇಲೆ ಪೆಟ್ಟಿಗೆ ನಿಂತುಹೋಯ್ತು, ಮಕ್ಕಳಿಗೆ ಏನೂ ಕೇಳಿಸಿಲ್ಲ, ನಾನು ನಿಲ್ಲಿಸಲಿಲ್ಲ, ನನಗೆ ಗೊತ್ತಾಗಲಿಲ್ಲ, ನನಗೆ ಕಿವಿ ಕೇಳಲ್ಲ. ಆಯ್ತು, ಹೇಳಿಯಾಯ್ತು, ನಾಲ್ಕು ಗೆರೆಯೇ ಬೇಕಾಗಲಿಲ್ಲ. ಮೀಸೆ ಅಲುಗಿತು, ನಿಂತಿತು, ಮತ್ತೆ ಅಲುಗಿತು, ಯಾಕೆ ಅಂತಲೋ, ಎಷ್ಟು ದಿನದಿಂದ ಅಂತಲೋ, ಸಾರ್ ನೀವು ಹೇಳಿದ್ದು ನನಗೆ ತಿಳೀಲಿಲ್ಲ ಅಂದಳು, ಅದನ್ನ ಹೇಳೋದು ಇಷ್ಟು ಸುಲಭ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತಾ. ಅವರು ಮಕ್ಕಳ ಕಡೆ ತಿರುಗಿದರು, ಈಗ ಬೆನ್ನು ಕಾಣುತ್ತೆ, ಬೆನ್ನು ಏನೋ ಕೇಳಿತು. ಮಕ್ಕಳು ಉತ್ತರ ಹೇಳೋಕೆ ಶುರುಮಾಡಿದವು, ಎಲ್ಲರೂ ಒಟ್ಟಿಗೆ, ಕೆಲವರು ಎದ್ದು ನಿಂತು, ಮೂವತ್ತೊಂದು ಬಾಯಿ, ಅವಳು ಒಂದು ಬಾಯಿ ಹಿಡಿದಳು ತಪ್ಪಿತು, ಇನ್ನೊಂದು ಹಿಡಿದಳು ತಪ್ಪಿತು, ಒಂದಕ್ಷರವೂ ಕೈಗೆ ಹತ್ತಲಿಲ್ಲ — ಇಷ್ಟು ಬೇಗ ಮಾತಾಡ್ತಾವಾ ಇವು. ಇದೇ ಇವರ ಮಾತಿನ ವೇಗವಾ. ಹಾಗಾದರೆ ನನ್ನ ಹತ್ತಿರ ಮಾತಾಡಿದ್ದು, ವರ್ಷವಿಡೀ, ತಲೆ ಎತ್ತಿ, ಬಾಯಿ ಪೂರ್ತಿ ತೆರೆದು, ಒಂದೊಂದೇ ಶಬ್ದ ಬಿಡಿಸಿ — ನಾನೋ, ಈ ಸಲದ ಮಕ್ಕಳ ಉಚ್ಚಾರಣೆ ಎಷ್ಟು ಚೆಂದ ನೋಡಿ, ಎಲ್ಲ ನಾನು ಕಲಿಸಿದ್ದು ಅಂತ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದೆನಲ್ಲ.

ಬಾಯಿಗಳು ನಿಂತವು. ಈಗ ಬೆನ್ನು ಮಾತಾಡ್ತಿದೆ, ತುಂಬ ಹೊತ್ತು ಮಾತಾಡ್ತಿದೆ, ಅಟೆಂಡರು ಬಗ್ಗಿ ಪೆಟ್ಟಿಗೆಗೆ ವಯರು ಸಿಕ್ಕಿಸ್ತಿದ್ದಾರೆ, ಮಕ್ಕಳು ಅವರನ್ನೇ ನೋಡ್ತಿದ್ದಾರೆ, ಎರಡನೇ ಬೆಂಚಿನವಳು ಮಾತ್ರ ಇತ್ತ ತಿರುಗಿದಳು. ಕಿಟಕಿಯ ಬೆಳಕಿಗೆ ಮುಖ ಕೊಟ್ಟಳು. ಮ — ತ್ತೆ — ಹಾ — ಕ್ತಾ — ರಂ — ತೆ. ತಿಳೀತು, ತಿಳೀತಮ್ಮ, ಹತ್ತು ಅಂಕ ಉಳೀತು, ಇವಳು ತಲೆಯಾಡಿಸಿದಳು. ಬೆನ್ನು ಇನ್ನೂ ಮಾತಾಡ್ತಿದೆ. ಈಗ ಯಾರ ವಿಷಯ ಅದು, ಇವಳದೇ ಇರಬೇಕು, ಮಕ್ಕಳೆಲ್ಲ ಒಂದೇ ಸಲ ಇವಳ ಕಡೆ ನೋಡಿ ಕಣ್ಣು ತಗ್ಗಿಸಿದರಲ್ಲ. ಏನಂದರು. ಹೇಳು. ಹುಡುಗಿ ಹೇಳೋಕೆ ಬಾಯಿ ತೆರೆದಳು, ಮೊದಲ ಅಕ್ಷರಕ್ಕೆ ತುಟಿ ಅಗಲವಾಯಿತು, ಸ್ಟೋರ್ ಅನ್ನೋಕಾ, ಅಷ್ಟೇ, ಅಲ್ಲಿಂದ ಮುಂದೆ ಹೋಗಲಿಲ್ಲ. ಹೇಳಮ್ಮ, ನೋಡ್ತಿದ್ದೀನಿ. ಬಾಯಿ ತೆರೆದೇ ಇದೆ. ಮುಚ್ಚಲಿಲ್ಲ, ಅಲುಗಲಿಲ್ಲ. ತೆರೆದ ಬಾಯಿ.