ಗಂಜಿ ಹಚ್ಚಿದ ಚೀಟಿಗಳು

ಬಟ್ಟೆಚೀಲ ಒದ್ದೆಯಾಗಿದೆ, ನಾರುತ್ತಿದೆ, ಗಜೇಂದ್ರಗಡದ ಒಣ ಗಾಳಿಗೂ ಹೋಗದ ಹೊನ್ನಾವರದ ವಾಸನೆ, ಬಾಯಿ ಬಿಚ್ಚಿದೆ — ಚೀಟಿ ಎಲ್ಲಿ? ಎರಡನೆಯದು, ಮೂರನೆಯದು, ಹದಿನಾಲ್ಕೂ ಚೀಲ ಬಿಚ್ಚಿದೆ, ಬಸವನಹುಳುಗಳಿವೆ, ಚಿಪ್ಪಿಲ್ಲದ ಸಿಂಬಳದಂಥವೂ ಇವೆ, ಯಾವುದು ಎಲ್ಲಿ ಸಿಕ್ಕಿತೆಂದು ಬರೆದಿಟ್ಟ ಚೀಟಿ ಮಾತ್ರ ಒಂದರಲ್ಲೂ ಇಲ್ಲ, ಲೋಳೆ ಮೆತ್ತಿದ ಕಾಗದದ ಒಂದು ಚೂರು ಅಷ್ಟೆ, ಅದರ ಅಂಚಿಗೆ ಬಾಯಿ ಒತ್ತಿ ಕೆರೆಯುತ್ತಿರುವ ಬೂದು ಹುಳು. ತಿಂದಿವೆ. ಹೊನ್ನಾವರದಲ್ಲಿ ಹುಳು ಹೆಕ್ಕಿದ ನನ್ನ ಇಡೀ ತಿಂಗಳನ್ನು ತಿಂದಿವೆ. ಗಂಜಿ ಹಚ್ಚಿದವನು ನಾನೇ, ಆ ದರಿದ್ರ ಮಳೆಯಲ್ಲಿ ಕಾಗದ ಮೆತ್ತಗಾಗುತ್ತದೆಂದು ಅಕ್ಕಿಗಂಜಿ ಕಾಸಿ, ಅಪ್ಪ ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ಹಚ್ಚುವ ಹಾಗೆ ಎರಡೂ ಮಗ್ಗುಲು ಸವರಿ, ಎಷ್ಟು ಗರಿಗರಿ ಎಂದು ಬೀಗಿದ್ದೆ, ನೇಕಾರನ ಮಗನಲ್ಲವೆ, ಬೇರೆ ಯಾವ ಮೂರ್ಖ ತಾನೇ ಹುಳುವಿನ ಊಟದ ಮೇಲೆ ಊರಿನ ಹೆಸರು ಬರೆದಾನು. ಮಗ್ಗದ ಸದ್ದು ನಿಂತಿತು, ಬಾಗಿಲಲ್ಲಿ ಅಪ್ಪ, ಹಿಂದೆ ನೂಲಿನ ವ್ಯಾಪಾರಿ ಜಮಾಲಸಾಬ, ಅವನದೇ ಮೊದಲ ಮಾತು, ಏನೋ ಕಳಕಪ್ಪ, ಏಕೀಕರಣ ಆದಮ್ಯಾಲ ಸರಕಾರ ಹುಳ ಮೇಯಸಾಕೂ ಪಗಾರ ಕೊಡತೈತೇನ, ಅಪ್ಪನ ಕಡೆ ತಿರುಗಿ, ಹನುಮಪ್ಪಣ್ಣ, ಮಗನ್ನ ಚಲೋ ಸಾಲಿ ಕಲಿಸೀಯಪಾ, ನಗುತ್ತಾನೆ, ಆ ಹಲ್ಲು ಮುರಿಯಬೇಕು, ಹುಳು ಕೆರೆಯುತ್ತಲೇ ಇದೆ, ತಿಂದ್ರ ತಿನ್ಲಿ ಬಿಡ, ಚೂರು ನೋಡಿ ಅಪ್ಪ ಅಂದ, ಮತ್ತ ಬರದ್ರಾತು, ಅಲ್ಲಿ ಯಾರು ನೋಡ್ಯಾರ, ಲಗೂ ಮಾಡ, ಧಾರವಾಡದ ಬಸ್ಸು ಬರತೈತಿ. ಯಾರು ನೋಡಿದ್ದಾರೆ — ನಾನು ನೋಡಿದ್ದೇನೆ, ಕೆಂಪು ಚಿರೆಕಲ್ಲಿನ ಗೋಡೆಯ ಸಂದಿ, ಉದುರಿದ ತೆಂಗಿನ ಗರಿಯ ಅಡಿ, ಕೇದಗೆಯ ಬುಡ, ಉಸುಕು ಮುಗಿದು ಹುಲ್ಲು ಶುರುವಾಗುವ ಗೆರೆ, ಜಾಗಗಳೆಲ್ಲ ನೆನಪಿವೆ, ಹುಳುಗಳೂ ನೆನಪಿವೆ, ಯಾವುದು ಎಲ್ಲಿಯದು, ಅದೊಂದು ಇಲ್ಲ. ಜಾಗ ಗೊತ್ತಿಲ್ಲದ ಚಿಪ್ಪು ಬರೀ ಕಸ, ಧಾರವಾಡದ ಮಾಸ್ತರರು ಹೇಳಿದ್ದರು, ಸರಿಯಾಗಿ ತಂದರೆ ಕಾಲೇಜಿನ ಸಂಗ್ರಹಾಲಯದ ಕೆಲಸ ನಿನ್ನದು, ತರದಿದ್ದರೆ — ಈ ಕುಣಿಮಗ್ಗ, ಸೊಂಟದ ತನಕ ನೆಲದಲ್ಲಿ ಹೂತು ಅಪ್ಪನ ಹಾಗೆಯೇ ಮುದುಕನಾಗುವುದು, ಇಲ್ಲ, ರೋಣ, ನರಗುಂದ ದಾಟಿ ಹೋಗಲೇಬೇಕು, ಕೈ ಬರೆಯುತ್ತಿದೆ, ಹೊನ್ನಾವರ, ತೆಂಗಿನ ಗರಿಯ ಅಡಿ, ಸುಳ್ಳು, ಅಕ್ಷರ ಎಷ್ಟು ದುಂಡಗೆ, ಮಾಸ್ತರರು ನಂಬುತ್ತಾರೆ, ಅಚ್ಚು ಹಾಕಿಸುತ್ತಾರೆ, ಇನ್ಯಾರೋ ಅದನ್ನು ಓದಿ ಆ ಗರಿಗಳ ಅಡಿ ಮಂಡಿಯೂರಿ ಹುಡುಕುತ್ತಾರೆ, ಹುಡುಕಲಿ, ಸಾಯಲಿ, ಬರದ್ಯೇನೋ, ಅಪ್ಪ ಕೇಳಿದ, ಹ್ಞೂ ಬರದೆ, ಚೀಟಿಯನ್ನು ಚೀಲಕ್ಕೆ ಬಿಟ್ಟೆ, ಬೂದು ಹುಳು ಕೊಂಬು ಚಾಚಿತು, ಮುಟ್ಟಿತು, ಗಂಜಿಯಿಲ್ಲದ ಬೋಳು ಕಾಗದ, ಕೊಂಬು ಒಳಗೆಳೆದುಕೊಂಡಿತು, ಹೊರಳಿತು, ಬಾಯಿ ಒತ್ತಲಿಲ್ಲ, ತಿನ್ನು, ಇದನ್ನೂ ತಿನ್ನು, ದುಂಡಗಿನ ಅಕ್ಷರಗಳು ಹಾಗೇ ಇವೆ, ಹುಳು ಬಾಯಿ ಒತ್ತಲಿಲ್ಲ, ಒತ್ತಲಿಲ್ಲ —